ಏನೂ ಕಾಣದವರ ಲೆಕ್ಕ

ಅಪ್ಪನ ಹೃದಯ ಎಷ್ಟು ಹೊತ್ತು ನಿಂತಿತ್ತು ಎನ್ನುವುದರ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಆರು ನಿಮಿಷ ಅಂತಿದೆ. ಅಮ್ಮ ಹತ್ತು ಅನ್ನುತ್ತಾಳೆ. ಐಸಿಯು ಬಾಗಿಲ ಹೊರಗೆ ನಿಂತಿದ್ದ ನನ್ನನ್ನು ಕೇಳಿದರೆ ಅದು ನಿಮಿಷದಲ್ಲಿ ಹೇಳುವ ಲೆಕ್ಕವೇ ಅಲ್ಲ. ಎದೆ ಒತ್ತಿದ ರಭಸಕ್ಕೆ ಎರಡು ಪಕ್ಕೆಲುಬು ಮುರಿದಿದ್ದವು. ಮೂರನೇ ಶಾಕ್‌ಗೆ ಗೆರೆ ಎದ್ದಿತಂತೆ. ಎರಡು ದಿನ ಮಂಪರಿನಲ್ಲಿಟ್ಟು, ಗಂಟಲಿನ ಕೊಳವೆ ತೆಗೆದ ಮೇಲೆ ಅವನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಕನ್ನಡಕ.

ನೋಡಲು ಬಂದವರು ಕೇಳಿದ್ದು ಬೇರೆ. ಹೇಗಿದ್ದೀರಿ, ನೋವಿದೆಯಾ ಎಂಬ ಉಪಚಾರದ ಮಾತುಗಳೆಲ್ಲ ಮುಗಿದು, ಹೊರಡುವ ಹೊತ್ತಿಗೆ ಸ್ವಲ್ಪ ಬಗ್ಗಿ, ದನಿ ತಗ್ಗಿಸಿ: "ಏನಾದರೂ ಕಾಣಿಸಿತಾ?"

"ಏನೂ ಇಲ್ಲ," ಅನ್ನುತ್ತಿದ್ದ ಅಪ್ಪ.

ಅವರ ಮುಖ ಸಣ್ಣಗಾಗುವುದನ್ನು ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಯಮನ ಬಾಗಿಲ ತನಕ ಹೋದವನು ಬಾಗಿಲಿನ ಬಣ್ಣವನ್ನೂ ನೋಡದೆ ಬಂದನಲ್ಲ ಎಂಬ ನಿರಾಶೆ. ಒಬ್ಬರಂತೂ "ಅವಸರ ಮಾಡಬೇಡಿ, ನಿಧಾನಕ್ಕೆ ನೆನಪಾಗುತ್ತೆ" ಎಂದು ಕಳೆದುಹೋದ ಬೀಗದಕೈ ಬಗ್ಗೆ ಹೇಳುವಂತೆ ಸಮಾಧಾನ ಹೇಳಿದರು. ನಾಲ್ಕೈದು ವಾರ ಇದೇ ನಡೆದ ಮೇಲೆ ಅಪ್ಪ ಒಂದು ರಾತ್ರಿ ನನ್ನನ್ನೇ ಕೇಳಿದ: "ಎಲ್ಲರಿಗೂ ಏನೇನೋ ಕಾಣುತ್ತಂತಲ್ಲ. ನನಗೇ ಯಾಕೆ ಇಲ್ಲ?"

ಅದಕ್ಕೆ ಉತ್ತರ ಹುಡುಕಲು ಕೂತವನು ನಾನು. ಸಾವಿನಂಚಿನ ಅನುಭವಗಳ ಬಗ್ಗೆ ಓದುವವರು ಸಾಮಾನ್ಯವಾಗಿ ಬೆಳಕು ಹುಡುಕಿಕೊಂಡು ಹೋಗುತ್ತಾರೆ. ನಾನು ಹೋದದ್ದು ಬೆಳಕು ಕಾಣದವರನ್ನು ಹುಡುಕಿಕೊಂಡು.

ಮೊದಲು ಸಿಕ್ಕಿದವನು ಆಲ್ಬರ್ಟ್ ಹೈಮ್. ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ. 1871ರಲ್ಲಿ ಆಲ್ಪ್ಸ್‌ನ ಸೆಂಟಿಸ್ ಶಿಖರದ ಹತ್ತಿರ ಹಿಮದ ಇಳಿಜಾರಿನಲ್ಲಿ ಇಳಿಯುತ್ತಿದ್ದಾಗ ಗಾಳಿಗೆ ಟೋಪಿ ಹಾರಿತು. ಹೋದರೆ ಹೋಗಲಿ ಅಂತ ಬಿಡದೆ ಹಿಡಿಯಲು ಹೋಗಿ ಕಾಲು ಜಾರಿ ಬಂಡೆಯಂಚಿನಿಂದ ಕೆಳಕ್ಕೆ ಬಿದ್ದ. ಬೀಳಲು ಹಿಡಿದದ್ದು ಕೆಲವೇ ಕ್ಷಣ. ಆದರೆ ಅಷ್ಟರಲ್ಲಿ ಅವನ ತಲೆಯಲ್ಲಿ ನಡೆದುಹೋದದ್ದನ್ನು ಬರೆಯಲು ಪುಟಗಳು ಬೇಕಾದವು. ಐದು ದಿನದಲ್ಲಿ ಕೊಡಬೇಕಾದ ಉಪನ್ಯಾಸ ಇನ್ನು ತಪ್ಪಿತು ಅಂದುಕೊಂಡ. ಗಾಜು ಕಣ್ಣಿಗೆ ಚುಚ್ಚದಿರಲೆಂದು ಕನ್ನಡಕ ತೆಗೆದು ಎಸೆಯಬೇಕು ಅಂದುಕೊಂಡ. (ಕನ್ನಡಕದ ಸಾಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.) ಆಮೇಲೆ ತನ್ನ ಬದುಕೆಲ್ಲ ದೂರದ ರಂಗಮಂಚದ ಮೇಲೆ ನಡೆಯುತ್ತಿರುವಂತೆ ಕಂಡಿತು. ಭಯವಿಲ್ಲ, ನೋವಿಲ್ಲ. ತಲೆ ನೆಲಕ್ಕೆ ಬಡಿದ ಸದ್ದು ಮಾತ್ರ ಕೇಳಿಸಿತು.

ಅವನು ಅಷ್ಟಕ್ಕೆ ಬಿಡಲಿಲ್ಲ. ಪರ್ವತದಿಂದ ಬಿದ್ದು ಬದುಕಿದವರು, ಛಾವಣಿಯಿಂದ ಬಿದ್ದ ಕೆಲಸಗಾರರು, ಯುದ್ಧದಲ್ಲಿ ಗಾಯಗೊಂಡ ಸೈನಿಕರು, ಹೀಗೆ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಾ ಎರಡು ದಶಕ ಕಳೆದ. 1892ರಲ್ಲಿ ಅದನ್ನು ಸ್ವಿಸ್ ಆಲ್ಪೈನ್ ಕ್ಲಬ್ಬಿನ ವಾರ್ಷಿಕ ಸಂಚಿಕೆಯಲ್ಲಿ ಪ್ರಕಟಿಸಿದ. ನನಗೆ ಹಿಡಿಸಿದ್ದು ಅವನ ಉದ್ದೇಶ. ಆತ್ಮ ಇದೆಯೇ ಇಲ್ಲವೇ ಎಂಬ ವಾದ ಅವನಿಗೆ ಬೇಕಿರಲಿಲ್ಲ. ಬೆಟ್ಟದಿಂದ ಬಿದ್ದು ಸತ್ತ ಮಕ್ಕಳ ತಾಯಂದಿರಿಗೆ ಒಂದು ಮಾತು ಹೇಳಬೇಕಿತ್ತು: ಕೊನೆಯ ಗಳಿಗೆಯಲ್ಲಿ ಅವರಿಗೆ ನೋವಾಗಿರಲಿಕ್ಕಿಲ್ಲ.

ಗಮನಿಸಬೇಕಾದ್ದು, ಹೈಮ್‌ನ ಹೃದಯ ಒಂದು ಬಡಿತವನ್ನೂ ತಪ್ಪಿಸಿಕೊಂಡಿರಲಿಲ್ಲ. ಸತ್ತೆ ಅಂದುಕೊಂಡ, ಅಷ್ಟೇ. ಅಷ್ಟಕ್ಕೇ ಅವನಿಗೆ ಎಲ್ಲವೂ ಕಂಡಿತು. ಆರು ನಿಮಿಷ ಹೃದಯ ನಿಲ್ಲಿಸಿಕೊಂಡು ಮಲಗಿದ್ದ ನಮ್ಮಪ್ಪನಿಗೆ ಏನೂ ಇಲ್ಲ. ನ್ಯಾಯ ಎಲ್ಲಿದೆ ಹೇಳಿ.

ಈ ಅನುಭವಕ್ಕೆ ಇಂದು ಜಗತ್ತು ಬಳಸುವ ಇಂಗ್ಲಿಷ್ ಹೆಸರನ್ನು (ನಿಯರ್-ಡೆತ್ ಎಕ್ಸ್‌ಪೀರಿಯೆನ್ಸ್) ರೂಢಿಗೆ ತಂದವನು ಅಮೆರಿಕದ ರೇಮಂಡ್ ಮೂಡಿ, 1975ರ ತನ್ನ ಪುಸ್ತಕದಲ್ಲಿ. ಸುರಂಗ, ಬೆಳಕು, ದೇಹದಿಂದ ಹೊರಬಂದು ಮೇಲಿನಿಂದ ತನ್ನನ್ನೇ ನೋಡುವುದು, ತೀರಿಕೊಂಡ ಬಂಧುಗಳು ಎದುರಾಗುವುದು, ದಾಟಬಾರದ ಗಡಿ, ಮರಳುವಿಕೆ: ಇವತ್ತು ಸಿನಿಮಾದಿಂದ ವಾಟ್ಸಾಪ್ ತನಕ ಓಡಾಡುವ ಪಟ್ಟಿ ಅಲ್ಲಿಯದೇ. ಮೂಡಿಗಿಂತ ನನ್ನನ್ನು ಹೆಚ್ಚು ಹಿಡಿದಿಟ್ಟವನು ಮನೋವೈದ್ಯ ಬ್ರೂಸ್ ಗ್ರೇಸನ್. ವೃತ್ತಿಯ ಆರಂಭದ ದಿನಗಳಲ್ಲಿ ಒಂದು ರಾತ್ರಿ ಅವನು ಊಟ ಮಾಡುತ್ತಿದ್ದಾಗ ತುರ್ತು ಕರೆ ಬಂದು ಟೈ ಮೇಲೆ ಸಾಸ್ ಚೆಲ್ಲಿಕೊಂಡ. ಹೆಚ್ಚು ಮಾತ್ರೆ ನುಂಗಿ ಪ್ರಜ್ಞೆ ತಪ್ಪಿದ್ದ ಹುಡುಗಿಯನ್ನು ನೋಡಿದ, ಅವಳು ಏಳಲಿಲ್ಲ. ಬೇರೊಂದು ಕೋಣೆಗೆ ಹೋಗಿ ಅವಳ ರೂಮ್‌ಮೇಟ್ ಜೊತೆ ಮಾತಾಡಿದ. ಮರುದಿನ ಎಚ್ಚರಗೊಂಡ ಹುಡುಗಿ, ಆ ಇನ್ನೊಂದು ಕೋಣೆಯಲ್ಲಿ ನಡೆದ ಮಾತನ್ನೂ ಅವನ ಟೈ ಮೇಲಿದ್ದ ಕಲೆಯನ್ನೂ ಹೇಳಿದಳಂತೆ. ದೇವರ ಮಾತಿಲ್ಲದ ಮನೆಯಲ್ಲಿ ಬೆಳೆದ, ರಸಾಯನಶಾಸ್ತ್ರಜ್ಞನ ಮಗ ಗ್ರೇಸನ್. ಗಾಬರಿಯಾಗಿ ವರ್ಷಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡ.

ಈ ಕಥೆ ನಿಜವೇ? ಕಥೆಯಾಗಿ ಸೊಗಸಾಗಿದೆ. ಪುರಾವೆಯಾಗಿ ಸೊನ್ನೆ, ಏಕೆಂದರೆ ಅವನ ಮಾತು ಬಿಟ್ಟರೆ ಬೇರೇನಿಲ್ಲ. ಇದನ್ನು ನನಗಿಂತ ಚೆನ್ನಾಗಿ ಬಲ್ಲವನು ಗ್ರೇಸನ್ನೇ. ಅದಕ್ಕೇ ಇರಬೇಕು, ಮುಂದೆ ಕಥೆಗಳನ್ನು ಅಳೆಯುವ ಕೋಲೊಂದನ್ನು ಮಾಡಲು ಕೂತ. 1983ರಲ್ಲಿ ಬಂದ ಗ್ರೇಸನ್ ಮಾಪನದಲ್ಲಿ 16 ಪ್ರಶ್ನೆಗಳಿವೆ. ಒಂದೊಂದಕ್ಕೂ 0, 1 ಅಥವಾ 2 ಅಂಕ. ಒಟ್ಟು 32. ಏಳು ಬಂದರೆ ಅನುಭವವಾಗಿದೆ ಎಂದು ಲೆಕ್ಕ. ಸಾವನ್ನು ಮುಟ್ಟಿ ಬಂದದ್ದಕ್ಕೂ ಪಾಸ್ ಮಾರ್ಕ್ಸ್ ಇದೆ ಅಂತ ಗೊತ್ತಾದಾಗ ಅಪ್ಪ ತುಂಬಾ ನಕ್ಕ, ಮುರಿದ ಪಕ್ಕೆಲುಬು ಹಿಡಿದುಕೊಂಡು.

ನಾನು ಹುಡುಕುತ್ತಿದ್ದ ಲೆಕ್ಕ ಕೊನೆಗೆ ಸಿಕ್ಕಿದ್ದು ಡಚ್ ಹೃದ್ರೋಗತಜ್ಞ ಪಿಮ್ ವಾನ್ ಲೊಮ್ಮೆಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ. 2001ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನೆದರ್ಲೆಂಡ್ಸಿನ ಹತ್ತು ಆಸ್ಪತ್ರೆಗಳಲ್ಲಿ ಹೃದಯ ನಿಂತು ಮತ್ತೆ ಬದುಕಿದ 344 ಜನರನ್ನು, ಅನುಭವ ಆಗಿದೆಯೋ ಇಲ್ಲವೋ ನೋಡದೆ, ಸಾಲಾಗಿ ಮಾತಾಡಿಸಿದರು. ಅದಕ್ಕೂ ಮುಂಚಿನ ಬಹುಪಾಲು ಕೆಲಸ ಹೇಳಲು ಕಥೆ ಇದ್ದವರನ್ನು ಕೇಳಿ ಮಾಡಿದ್ದು. ಕಥೆ ಇಲ್ಲದವರು ಎಷ್ಟು ಎಂಬುದು ಅದರಿಂದ ಗೊತ್ತಾಗುವಂತಿರಲಿಲ್ಲ. ಇಲ್ಲಿ ಗೊತ್ತಾಯಿತು. 344ರಲ್ಲಿ ಅನುಭವ ಹೇಳಿದವರು 62, ಶೇಕಡಾ 18.

ಸುದ್ದಿಯಾದದ್ದು 62. ನಾನು ಪೆನ್ಸಿಲ್ ಹಿಡಿದು ಕಳೆದು ನೋಡಿದೆ: 282. ಅಪ್ಪ ಇರುವುದು ಈ ಸಾಲಿನಲ್ಲಿ. ಮರುದಿನ ಬೆಳಿಗ್ಗೆಯೇ ಹೇಳಿದೆ, "ನೀನು ಬಹುಮತದವನು." ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಮುಂದೆ ಬಂದವರಿಗೆಲ್ಲ "ನೂರಕ್ಕೆ ಎಂಬತ್ತೆರಡು ಜನಕ್ಕೆ ಕಾಣಲ್ಲ" ಎಂದು ಅವನೇ ಅಂಕಿಅಂಶ ಒಪ್ಪಿಸತೊಡಗಿದ.

ಆದರೆ ನನಗೆ ಆ 282 ಬಿಡಿಸಲಾಗದ ಗಂಟಾಯಿತು. ವಾನ್ ಲೊಮ್ಮೆಲ್ ಅದನ್ನು, ಎಲ್ಲವೂ ಮಿದುಳಿನದೇ ಆಟ ಎನ್ನುವ ಪಕ್ಷದ ವಿರುದ್ಧ ಎಸೆಯುತ್ತಾನೆ: ಮಿದುಳಿಗೆ ಆಮ್ಲಜನಕ ಸಿಗದೆ ಈ ದೃಶ್ಯ ಹುಟ್ಟುವುದಾದರೆ, ಹೃದಯ ನಿಂತವರಿಗೆಲ್ಲ ಕಾಣಬೇಕಿತ್ತಲ್ಲ? ಹೃದಯ ಎಷ್ಟು ಹೊತ್ತು ನಿಂತಿತ್ತು, ಯಾವ ಔಷಧ ಕೊಟ್ಟರು, ಮೊದಲೇ ಸಾವಿನ ಭಯವಿತ್ತೇ, ಯಾವುದರ ಜೊತೆಗೂ ಸಂಬಂಧ ಕಾಣಲಿಲ್ಲ. ಅರವತ್ತರೊಳಗಿನವರಿಗೆ ಹೆಚ್ಚು ಕಂಡಿದೆ, ಅಷ್ಟು ಹೇಳಬಹುದು. ಸರಿ, ಒಳ್ಳೆಯ ಪ್ರಶ್ನೆ. ಆದರೆ ಅದೇ ಕಲ್ಲನ್ನು ತಿರುಗಿಸಿ ಎಸೆದರೆ ಅವನಿಗೂ ತಗಲುತ್ತದೆ. ಪ್ರಜ್ಞೆ ಮಿದುಳನ್ನು ಬಿಟ್ಟು ಹೊರಗೆ ಹೋಗಬಲ್ಲದು ಎನ್ನುವುದಾದರೆ, ಆ 282 ಜನರ ಪ್ರಜ್ಞೆ ಯಾಕೆ ಹೋಗಲಿಲ್ಲ? ನಮ್ಮಪ್ಪನ ಆತ್ಮಕ್ಕೇನು ಮೈಗಳ್ಳತನವೇ?

ಮಿದುಳಿನ ಪಕ್ಷದವರ ಬತ್ತಳಿಕೆಯೂ ಸಣ್ಣದಲ್ಲ. ಯುದ್ಧವಿಮಾನದ ಪೈಲಟ್‌ಗಳನ್ನು ರಭಸದಿಂದ ತಿರುಗುವ ಯಂತ್ರದಲ್ಲಿ ಕೂರಿಸಿದಾಗ ತಲೆಗೆ ರಕ್ತ ಏರದೆ ಎಚ್ಚರ ತಪ್ಪುತ್ತದೆ. ಆಗ ಅಂಚಿನಿಂದ ನೋಟ ಕಿರಿದಾಗುತ್ತಾ ಬಂದು ಸುರಂಗದಂತಾಗುತ್ತದೆ, ಕೆಲವರಿಗೆ ಹಿತವಾದ ಪುಟ್ಟ ಕನಸುಗಳೂ ಬೀಳುತ್ತವೆ. ಸ್ಲೊವೇನಿಯಾದಲ್ಲಿ 52 ಜನರ ಮೇಲೆ ನಡೆದ 2010ರ ಅಧ್ಯಯನದಲ್ಲಿ ಅನುಭವ ಹೇಳಿದ 11 ಜನರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿತ್ತು. ಕೆಟಮೀನ್ ಎಂಬ ಅರಿವಳಿಕೆ ತೆಗೆದುಕೊಂಡವರ ವರ್ಣನೆಗಳು ಸಾವಿನಂಚಿನಿಂದ ಬಂದವರ ವರ್ಣನೆಗಳಿಗೆ ಬಹಳ ಹತ್ತಿರ. ಅಪಸ್ಮಾರದ ರೋಗಿಯೊಬ್ಬಳ ಮಿದುಳಿನ ಬಲಭಾಗದ ಒಂದು ಮಡಿಕೆಗೆ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಸಣ್ಣ ವಿದ್ಯುತ್ ಹರಿಸಿದಾಗ ಅವಳು ಮೇಲಿನಿಂದ ತನ್ನನ್ನು ತಾನೇ ಕಂಡಳು. ಆದರೆ ಕಂಡದ್ದು ಕಾಲು ಮತ್ತು ಸೊಂಟದ ಕೆಳಗಿನ ಭಾಗ ಮಾತ್ರ. 2002ರ ಈ ಪ್ರಸಂಗದಲ್ಲಿ ಆ "ಕಾಲು ಮಾತ್ರ" ಎನ್ನುವುದು ನನಗೆ ಬಹಳ ಇಷ್ಟ. ಪವಾಡವಾಗಿದ್ದರೆ ಪೂರ್ತಿ ಕಾಣುತ್ತಿತ್ತೇನೋ.

ಮೇಲಿನಿಂದ ನೋಡುವ ವಿಷಯವನ್ನು ಒಂದೇ ಏಟಿಗೆ ಇತ್ಯರ್ಥ ಮಾಡಲು ಹೊರಟವನು ವೈದ್ಯ ಸ್ಯಾಮ್ ಪಾರ್ನಿಯಾ. ಉಪಾಯ ಮಗುವಿಗೂ ಹೊಳೆಯುವಂಥದ್ದು: ತುರ್ತು ಚಿಕಿತ್ಸೆ ನಡೆಯುವ ಕಡೆ ಸೂರಿನ ಹತ್ತಿರ ಹಲಗೆ ಹೊಡೆದು, ಮೇಲಿನಿಂದ ನೋಡಿದರೆ ಮಾತ್ರ ಕಾಣುವಂತೆ ಚಿತ್ರ ಇಡುವುದು. ನಿಜಕ್ಕೂ ತೇಲಿದವನು ಚಿತ್ರ ಏನಿತ್ತು ಹೇಳಲಿ. 15 ಆಸ್ಪತ್ರೆಗಳು, 2,060 ಹೃದಯಸ್ತಂಭನಗಳು, ನಾಲ್ಕು ವರ್ಷ. ಬದುಕುಳಿದವರು 330, ಮಾತಾಡಿಸಲು ಸಿಕ್ಕವರು 140. 2014ರಲ್ಲಿ ಫಲಿತಾಂಶ ಬಂದಾಗ, ಸುತ್ತ ನಡೆದದ್ದನ್ನು ನೋಡಿದೆ, ಕೇಳಿದೆ ಎಂದು ಸ್ಪಷ್ಟವಾಗಿ ಹೇಳಿದವರು ಇಬ್ಬರೇ. ಆ ಇಬ್ಬರಿಗೂ ಹೃದಯ ನಿಂತದ್ದು ಹಲಗೆ ಇಲ್ಲದ ಜಾಗದಲ್ಲಿ!

ಪಾರ್ನಿಯಾ ಕೈಚೆಲ್ಲಲಿಲ್ಲ. ಎರಡನೇ ಸಲ ಹಲಗೆ ಹೋಗಿ ಚಿತ್ರ ತೋರಿಸುವ ಟ್ಯಾಬ್ಲೆಟ್ ಕಂಪ್ಯೂಟರ್ ಬಂತು. ಜೊತೆಗೆ ಪ್ರಜ್ಞೆಯಿಲ್ಲದವರ ಕಿವಿಗೆ ಹೆಡ್‌ಫೋನ್ ಇಟ್ಟು ಮೂರು ಹಣ್ಣಿನ ಹೆಸರು ಪದೇಪದೇ ಕೇಳಿಸಿದರು. 25 ಆಸ್ಪತ್ರೆ, 567 ಜನ. ಬದುಕಿ ಮನೆಗೆ ಹೋದವರು 53. ಮಾತಾಡಿದವರು 28. 2023ರಲ್ಲಿ ಬಂದ ವರದಿಯಂತೆ ಚಿತ್ರವನ್ನು ಒಬ್ಬರೂ ಗುರುತಿಸಲಿಲ್ಲ. ಹಣ್ಣುಗಳ ಹೆಸರನ್ನು ಒಬ್ಬರು ಗುರುತಿಸಿದರು. ಎದೆ ಒತ್ತುತ್ತಿರುವಾಗಲೇ ಕೆಲವರ ಮಿದುಳಿನ ಅಲೆಗಳು ಸಹಜಕ್ಕೆ ಹತ್ತಿರ ಬಂದದ್ದೂ ದಾಖಲಾಯಿತು. ಆದರೆ ಮಾತಾಡಿದ 28 ಜನರಲ್ಲಿ ಅಲೆಗಳ ದಾಖಲೆ ಇದ್ದದ್ದು ಇಬ್ಬರಿಗೆ, ಆ ಇಬ್ಬರಿಗೂ ನೆನಪೇನೂ ಇರಲಿಲ್ಲ.

ಅಮೆರಿಕದ ಮಿಶಿಗನ್‌ನಲ್ಲಿ ಮಿದುಳಿನ ಸಂಶೋಧಕಿ ಜಿಮೊ ಬೊರ್ಜಿಗಿನ್‌ಗೂ ಹೆಚ್ಚುಕಡಿಮೆ ಇದೇ ಪಾಡು. 2013ರಲ್ಲಿ ಅವಳ ತಂಡ ಒಂಬತ್ತು ಇಲಿಗಳ ಹೃದಯ ನಿಲ್ಲಿಸಿ ನೋಡಿತು. ಮಿದುಳು ಮಂಕಾಗುವ ಬದಲು, ಮೊದಲ ಅರ್ಧ ನಿಮಿಷ ಗ್ಯಾಮಾ ಎಂಬ ವೇಗದ ಮಿದುಳಿನ ಅಲೆಗಳು ಎಚ್ಚರವಿದ್ದಾಗಿನದಕ್ಕಿಂತಲೂ ಜೋರಾಗಿ ಎದ್ದವು. ಹತ್ತು ವರ್ಷದ ಬಳಿಕ, ಉಸಿರಾಟದ ಯಂತ್ರ ತೆಗೆದ ನಾಲ್ಕು ರೋಗಿಗಳ ದಾಖಲೆಗಳನ್ನು ನೋಡಿದಾಗ ಇಬ್ಬರಲ್ಲಿ ಅಂಥದೇ ಉಬ್ಬರ ಕಂಡಿತು. ಉಳಿದಿಬ್ಬರಲ್ಲಿ ಇಲ್ಲ. ಉಬ್ಬರ ಎದ್ದ ಇಬ್ಬರೂ ತೀರಿಕೊಂಡರು, ಏನು ಕಂಡರೆಂದು ಹೇಳಲು ಬರಲಿಲ್ಲ. ಒಂದು ಕಡೆ ಅಲೆ ಇದ್ದವರ ಬಳಿ ಕಥೆಯಿಲ್ಲ, ಇನ್ನೊಂದು ಕಡೆ ಕಥೆ ಇದ್ದವರ ಬಳಿ ಅಲೆಯಿಲ್ಲ. ಐವತ್ತು ವರ್ಷದ ಈ ಶೋಧ ನಿಂತಿರುವುದು ಈ ಎರಡರ ನಡುವಿನ ಸಂದಿಯಲ್ಲಿ.

ಇಷ್ಟು ಓದುವ ಹೊತ್ತಿಗೆ ನನಗೆ ಇನ್ನೊಂದು ಅನುಮಾನ ಬಂದಿತ್ತು. ಕಾಣುವುದೂ ಒಂದು ಕಲಿಕೆಯೇ ಇರಬಹುದೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರಿಚಾ, ವರ್ಜೀನಿಯಾದ ಇಯಾನ್ ಸ್ಟೀವನ್ಸನ್ ಸೇರಿ 1986ರಲ್ಲಿ ಭಾರತದ 16 ಪ್ರಕರಣಗಳನ್ನು ಪ್ರಕಟಿಸಿದರು. ಅಲ್ಲಿ ಸುರಂಗವಿಲ್ಲ. ಮೇಲೆ ತೇಲಿ ತನ್ನ ದೇಹವನ್ನು ನೋಡುವ ಮಾತೂ ಇಲ್ಲ. ದೂತರು ಬರುತ್ತಾರೆ, ಕರೆದೊಯ್ಯುತ್ತಾರೆ. ಪುಸ್ತಕ ಹಿಡಿದು ಕೂತವನೊಬ್ಬ ಪುಟ ತಿರುವಿ ನೋಡಿ, ಇವನಲ್ಲ, ಅದೇ ಹೆಸರಿನ ಇನ್ನೊಬ್ಬ, ಅನ್ನುತ್ತಾನೆ. ವಾಪಸ್ ಕಳಿಸುತ್ತಾರೆ. ಅಮೆರಿಕದವನನ್ನು "ನಿನ್ನ ಕೆಲಸ ಇನ್ನೂ ಬಾಕಿಯಿದೆ" ಎಂದೋ ಮಕ್ಕಳ ಮೇಲಿನ ಪ್ರೀತಿಗೋ ಮರಳಿ ಕಳಿಸಿದರೆ, ನಮ್ಮವನು ಮರಳುವುದು ಗುಮಾಸ್ತನ ತಪ್ಪಿನಿಂದ. ಕಚೇರಿಯಲ್ಲಿ ಕಡತ ಅದಲುಬದಲಾಗಿ ಅಲೆದವರಿಗೆಲ್ಲ ಈ ಪರಲೋಕ ತೀರಾ ಪರಿಚಿತ ಅನ್ನಿಸುತ್ತದೆ.

ಇದನ್ನು ತೋರಿಸಿ, ನೋಡಿ, ಎಲ್ಲ ಬರೀ ಸಂಸ್ಕಾರ ಎಂದು ಕೈ ಝಾಡಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಸಿವು ಎಲ್ಲರದೂ ಒಂದೇ, ಅದನ್ನು ಹೇಳುವ ಮಾತು ಬೇರೆ. ಒಳಗೆ ಏನೋ ನಡೆಯುತ್ತದೆ, ಅದಕ್ಕೆ ಉಡಿಸುವ ಬಟ್ಟೆ ಅವರವರ ಮನೆಯ ಪೆಟ್ಟಿಗೆಯಿಂದ ಬರುತ್ತದೆ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ತೋರಿಸಿದ ಪ್ರಕಾರ, ಈ ನೆನಪುಗಳಲ್ಲಿ ಇರುವಷ್ಟು ವಿವರ, ಭಾವ ಆ ಜನರ ನಿಜಜೀವನದ ಘಟನೆಗಳ ನೆನಪುಗಳಲ್ಲೂ ಇರಲಿಲ್ಲ. ಗ್ರೇಸನ್ 72 ಜನರನ್ನು ಎರಡು ದಶಕದ ಬಳಿಕ ಮತ್ತೆ ಕೇಳಿದಾಗ ಕಥೆಗೆ ಬಣ್ಣ ಏರಿರಲಿಲ್ಲ. ಎಲ್ಲವೂ ಹಿತವಾಗಿಯೇ ಇರುತ್ತದೆ ಅಂತಲೂ ಇಲ್ಲ: ಅವನೇ ನ್ಯಾನ್ಸಿ ಇವಾನ್ಸ್ ಬುಷ್ ಜೊತೆ 1992ರಲ್ಲಿ ಭಯಾನಕ ಅನುಭವಗಳ ಬಗ್ಗೆ ಬರೆದ. ಅದರಲ್ಲಿ ಒಂದು ಬಗೆ, ಕೊನೆಯಿಲ್ಲದ ಶೂನ್ಯದಲ್ಲಿ ಒಬ್ಬರೇ ಇರುವುದು. ಅಂಥದ್ದನ್ನು ಕಂಡುಬಂದವರು, ಬಗ್ಗಿ ಪಿಸುಗುಟ್ಟುವ ಅತಿಥಿಗೆ ಏನೆಂದು ಉತ್ತರ ಕೊಡಬೇಕು?

ಸುಳ್ಳು ಹೇಳುವವರೂ ಇದ್ದಾರೆ. ಸ್ವರ್ಗಕ್ಕೆ ಹೋಗಿ ಬಂದೆ ಎಂದಿದ್ದ ಅಮೆರಿಕದ ಹುಡುಗನೊಬ್ಬ 2015ರಲ್ಲಿ, ಎಲ್ಲರ ಗಮನ ಸಿಗುತ್ತದೆಂದು ಹಾಗೆ ಹೇಳಿದೆ, ಅಂಥದ್ದೇನೂ ಆಗಿರಲಿಲ್ಲ ಎಂದು ಒಪ್ಪಿಕೊಂಡ. ಅಷ್ಟರಲ್ಲಿ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿತ್ತು. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಅಪಘಾತವಾದಾಗ ಅವನಿಗೆ ಆರು ವರ್ಷ. ಸುತ್ತ ನಿಂತ ದೊಡ್ಡವರೆಲ್ಲ ಬಾಯಿ ನೋಡುತ್ತಿದ್ದರೆ ಮಗು ಏನು ತಾನೇ ಮಾಡೀತು?

ಅಪ್ಪನ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಒಂದೇ ಉಳಿದಿತ್ತು. ನೆನಪು ಕಟ್ಟುವ ಮಿದುಳಿನ ಭಾಗ ಹಿಪೊಕ್ಯಾಂಪಸ್ ಆಮ್ಲಜನಕದ ಕೊರತೆಗೆ ಮೊದಲು ಸೋಲುವವರ ಪೈಕಿ. ಮೇಲೆ ಎರಡು ದಿನದ ಮಂಪರಿನ ಔಷಧ. ಅವನಿಗೆ ಹೃದಯ ನಿಂತದ್ದು ಹೋಗಲಿ, ಆ ದಿನದ ಬೆಳಗೂ ನೆನಪಿಲ್ಲ, ಅದರ ಹಿಂದಿನ ಸಂಜೆಯೂ ಇಲ್ಲ. "ಕಂಡಿರಬಹುದು, ಮರೆತಿರಬಹುದು," ಅಂದೆ.

"ಕಂಡು ಮರೆತದ್ದಕ್ಕೂ ಕಾಣದೇ ಇದ್ದದ್ದಕ್ಕೂ ನನಗೇನು ವ್ಯತ್ಯಾಸ?" ಅಂದ.

ನನಗೆ ಉತ್ತರ ತೋಚಲಿಲ್ಲ. ತಮಾಷೆಗೆ ಗ್ರೇಸನ್ ಮಾಪನ ತೆಗೆದು ಒಂದೊಂದೇ ಪ್ರಶ್ನೆ ಓದಿದೆ. ಕಾಲ ವೇಗವಾಯಿತೇ? ಇಲ್ಲ. ಎಲ್ಲವೂ ಒಮ್ಮೆಗೇ ಅರ್ಥವಾದಂತೆ ಅನ್ನಿಸಿತೇ? "ಇಷ್ಟು ವರ್ಷದಲ್ಲೇ ಅನ್ನಿಸಿಲ್ಲ." ಬೆಳಕು? ಇಲ್ಲ. ಹದಿನಾರಕ್ಕೆ ಹದಿನಾರೂ ಸೊನ್ನೆ. ಮೂವತ್ತೆರಡಕ್ಕೆ ಸೊನ್ನೆ ಬರೆದು ಕೆಳಗೆ ಗೆರೆ ಎಳೆದೆ. ಆದರೂ ಆ ಡಚ್ ಅಧ್ಯಯನದ ಕೊನೆಯಲ್ಲಿ ಒಂದು ವಿಷಯವಿದೆ, ಹೆಚ್ಚು ಜನ ಎತ್ತಿ ಆಡುವುದಿಲ್ಲ. ಎಂಟು ವರ್ಷದ ಬಳಿಕ ಮತ್ತೆ ಹೋಗಿ ಕೇಳಿದಾಗ, ಏನನ್ನೂ ಕಾಣದವರೂ ಬದಲಾಗಿದ್ದರು. ಮುಂಚಿಗಿಂತ ಧೈರ್ಯ, ಮುಂಚಿಗಿಂತ ಬೇರೆಯವರ ಮೇಲೆ ಗಮನ.

ಮೊನ್ನೆ ಅಪ್ಪನನ್ನು ಅವನ ಸೋದರತ್ತೆಯ ಮಗಳ ಮನೆಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಇನ್ನು ಹೆಚ್ಚು ದಿನವಿಲ್ಲ, ಅವಳಿಗೂ ಗೊತ್ತಿದೆ. ಬಹಳ ಹೊತ್ತು ಹಳೆಯದೆಲ್ಲ ಮಾತಾಡಿದರು. ನಾನು ಹೊರಡೋಣ ಎಂದು ಎದ್ದಾಗ ಅವಳು ಅಪ್ಪನ ಕೈ ಹಿಡಿದು ಕೇಳಿದಳು, "ಅಣ್ಣಾ, ನೀನು ಹೋಗಿ ಬಂದವನಲ್ಲ. ಹೇಗಿರುತ್ತೆ?"

ನೂರಕ್ಕೆ ಎಂಬತ್ತೆರಡರ ಮಾತು ಬರುತ್ತದೆಂದು ಕಾದೆ.

"ಬೆಳಕಿರುತ್ತೆ ಕಣೇ," ಅಂದ ಅಪ್ಪ. "ಒಂಚೂರೂ ನೋಯಲ್ಲ."

ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಅವನು ಕನ್ನಡಕ ತೆಗೆದು ಒರೆಸುತ್ತಾ ಕೇಳಿದ, "ಆ ಪ್ರಶ್ನೆಪತ್ರಿಕೆಯಲ್ಲಿ ಬೆಳಕಿಗೆ ಎಷ್ಟು ಅಂಕ ಅಂದೆ?"

"ಎರಡು."

"ಹಾಗಾದರೆ ಎರಡು ಹಾಕಿಕೋ."